ನೂರನೆಯ ಮನೆ

ಒಂದು ಊರಿತ್ತಂತೆ. ಅಲ್ಲಿ ಯಾರಿಗಾದರೂ ಗಲ್ಲುಶಿಕ್ಷೆಯಾದರೆ ನೇಣಿನ ಹಗ್ಗಕ್ಕೆ ನೂರು ಮನೆಯವರು ಒಂದೊಂದು ಎಳೆ ಹೊಸೆದು ಕೊಡಬೇಕಂತೆ. ಒಂದೇ ಒಂದು ಮನೆಯವರು ತಮಗೆ ಕೊಟ್ಟ ನೂಲನ್ನು ಹೊಸೆಯದೆ ಹಾಗೇ ಮರಳಿಸಿದರೂ ಆ ಜೀವ ಉಳಿಯುತ್ತಿತ್ತು.

ಈ ಸಲ ಗಲ್ಲಿಗೇರಬೇಕಾದವನು ತಿಪ್ಪೇಶಿ. ನಾನು ಹೊಸೆಯೋದಿಲ್ಲ ಎಂದು ಅವನ ತಾಯಿಗೆ ಮಾತು ಕೊಟ್ಟಿದ್ದಳು ಟೈಲರ್ ಗೌರಕ್ಕ. ಮಧ್ಯಾಹ್ನ ಪೇದೆ ರಾಚಪ್ಪ ಚೀಲ ಹಿಡಿದು ಬಂದ.

“ಬೇಗ ಕೊಡಕ್ಕಾ, ನಿಂದೊಂದೇ ಬಾಕಿ.”

“ಉಳಿದವರೆಲ್ಲ ಹೊಸೆದ್ರಾ?”

“ಹೂಂ. ಅತ್ಕೊಂಡೇ ಹೊಸೆದ್ರು. ಇನ್ಯಾರಾದ್ರೂ ಬೇಡ ಅಂತಾರೆ ಬಿಡು ಅಂದ್ಕೊಂಡು. ಇಪ್ಪತ್ತು ವರ್ಷದಿಂದ ಹಿಂಗೇ.”

ಒಳಗಿಂದ ಗಂಡ ಗದರಿದ. “ಅವನು ಕೊಂದ ಹುಡುಗಿ ಎದುರುಮನೆಯವಳು ಕಣೇ! ನಾಳೆ ಅವಳ ತಾಯಿಗೆ ಹೆಂಗೆ ಮುಖ ತೋರಿಸ್ತೀಯ?”

ಹುಡುಗಿಯ ತಾಯಿ ಆಗಲೇ ಎದುರುಮನೆಯ ಬಾಗಿಲಲ್ಲಿ ನಿಂತು ಗೌರಕ್ಕನ ಕೈಯನ್ನೇ ನೋಡುತ್ತಿದ್ದಳು. ಗೌರಕ್ಕನ ಬೆರಳುಗಳು ರೂಢಿಯಂತೆ ತಾವಾಗಿಯೇ ನೂಲಿನ ತುದಿ ತಿರುವತೊಡಗಿದ್ದವು. ಅವಳು ಬೆಚ್ಚಿ ಅದನ್ನು ಬಿಡಿಸಿ, ನೀವಿ, ಚೀಲಕ್ಕೆ ಹಾಕಿದಳು.

“ಹೊಸೆದಿಲ್ಲ ಅಂತ ಬರ್ಕೋ ರಾಚಪ್ಪ. ನನ್ನ ಹೆಸರು ಹಾಕಿಯೇ ಬರ್ಕೋ.”

ಎದುರುಮನೆಯ ಬಾಗಿಲು ದಢಾರನೆ ಮುಚ್ಚಿತು. ರಾಚಪ್ಪ ಬರೆದುಕೊಂಡ.