ಅಗಲದ ಲೆನ್ಸು

ಕಡಲು ಊರೊಳಗೆ ಬಂದ ಮೇಲೆ ಮಲ್ಪೆಯಲ್ಲಿ ಒಂದು ಕಟ್ಟಳೆಯಿತ್ತು. ಮನುಷ್ಯನನ್ನು ಕೊಂದ ತಿಮಿಂಗಿಲದ ಫೋಟೋ ತಂದುಕೊಟ್ಟರೆ ಊರವರು ಅದನ್ನು ಕೊಲ್ಲುತ್ತಿದ್ದರು. ಸತ್ತವನು ಅದರ ಮರಿಯನ್ನು ಕೊಂದಿದ್ದರೆ ಮಾತ್ರ ಬಿಡುತ್ತಿದ್ದರು.

ಗುಲಾಬಿ ಕ್ಯಾಮೆರಾಕ್ಕೆ ಅಗಲದ ಲೆನ್ಸು ಹಾಕಿದಳು.

“ದೂರದ್ದು ಹಾಕು ಮಾರಾಯ್ತಿ. ನಿನ್ನ ಗಂಡನನ್ನು ಸೀಳಿದ ಬಾಯಿ ಅದು,” ಎಂದ ದೋಣಿಯ ಶೀನ.

“ಈ ಕೆಸರು ನೀರಲ್ಲಿ ದೂರದಿಂದ ತೆಗೆದರೆ ಬರೀ ಹಸಿರು ಬರ್ತದೆ.”

ನೀರಿಗೆ ಧುಮುಕಿ, ತಿಮಿಂಗಿಲದ ಕೈಯಳತೆಯಷ್ಟು ಹತ್ತಿರ ಹೋಗಿ ಒಂದು ಫೋಟೋ ತೆಗೆದಳು. ಅಷ್ಟರಲ್ಲಿ ಅದರ ಮೂತಿಯ ಗುದ್ದಿಗೆ ಅವಳ ಪಕ್ಕೆಲುಬುಗಳು ಮುರಿದವು.

ಶೀನ ಅವಳನ್ನು ದೋಣಿಗೆಳೆದುಕೊಂಡು ಫೋಟೋ ನೋಡಿದ. ಹಲ್ಲುಗಳ ಪಕ್ಕದಲ್ಲೇ ಸತ್ತ ಮರಿ, ಅದರ ಬೆನ್ನಲ್ಲಿ ಅವಳ ಗಂಡನ ಈಟಿ.

“ಫೋಟೋದಿಂದ ಮರಿಯನ್ನು ಕತ್ತರಿಸಿ ತೆಗೆದು ಮುಖ ಮಾತ್ರ ಕೊಡುವ,” ಎಂದ.

ಗುಲಾಬಿ ರಕ್ತ ಉಗುಳಿದಳು.

“ಬೇಡ ಶೀನಣ್ಣ, ಇಡೀ ಕೊಡುವ. ಆ ಈಟಿಗೆ ಸಾಣೆ ಹಿಡಿದದ್ದು ನಾನೇ.”