ಪೂನಮಳ ಭಾಗಾಕಾರ

ಪೂನಮ ಬೋರ್ಡಿನ ಮೇಲೆ ೮೦೫೨ನ್ನು ೨೪ರಿಂದ ಭಾಗಿಸುತ್ತಿದ್ದಳು. ಹಿಂದೆ ನಿಂತ ಮೇಘಾ ಟೀಚರ್ ಅವಳ ಕೈಯನ್ನೇ ನೋಡುತ್ತಿದ್ದಳು. ಮೂರು, ಮತ್ತೆ ಮೂರು, ಐದು. ಕಳೆದದ್ದು ಸರಿ, ಅಂಕಿ ಇಳಿಸಿದ್ದು ಸರಿ. ಶೇಷ ಹನ್ನೆರಡು ಎಂದು ಬರೆದಳು. ಕಿಟಕಿಯಾಚೆ ಗೇಟಿನ ಕಡೆ ಕಣ್ಣು ಹಾಯಿಸಿದವಳೇ ಆ ಹನ್ನೆರಡನ್ನು ಅಂಗೈಯಿಂದ ಒರೆಸಿ, ಇಪ್ಪತ್ತೆರಡು ಮಾಡಿದಳು.

"ತಪ್ಪಾತೇನ್ರಿ ಟೀಚರ್?"

ಮೇಘಾಳ ಅನುಮಾನ ಗಟ್ಟಿಯಾಯಿತು. ಆರನೇ ತರಗತಿಯಲ್ಲಿ ಭಾಗಾಕಾರ ಬಾರದವರನ್ನು ಅವಳು ಶಾಲೆ ಬಿಟ್ಟ ಮೇಲೆ ಒಂದು ತಾಸು ಕೂರಿಸಿಕೊಳ್ಳುತ್ತಿದ್ದಳು. ಬಾರದವರು ಎಲ್ಲೆಲ್ಲಿ ಎಡವುತ್ತಾರೆಂದು ಅವಳಿಗೆ ಗೊತ್ತು. ಅಂಕಿ ಇಳಿಸಲು ಮರೆಯುತ್ತಾರೆ, ಭಾಜಕಕ್ಕಿಂತ ದೊಡ್ಡ ಶೇಷ ಉಳಿಸುತ್ತಾರೆ. ಶೇಷ ಇಪ್ಪತ್ನಾಲ್ಕನ್ನು ಮೀರದಂತೆ ಎಚ್ಚರದಿಂದ ತಪ್ಪು ಮಾಡುವುದು ಬಲ್ಲವರ ಕೆಲಸ. ಉಳಿದ ಮಕ್ಕಳೆಲ್ಲ ಕಲಿತು ಮನೆಯ ದಾರಿ ಹಿಡಿದಿದ್ದರು. ಇವಳೊಬ್ಬಳು ಉಳಿದದ್ದು ಮನೆಗೆಲಸ ತಪ್ಪಿಸಿಕೊಳ್ಳಲೇ? ಇಲ್ಲ, ತನ್ನನ್ನೇ ಆಡಿಸುತ್ತಿದ್ದಾಳೆಯೇ?

"ನಿನಗ ಲೆಕ್ಕಾ ಬರತೈತಿ. ಯಾಕ ನಾಟಕಾ ಮಾಡಾಕತ್ತಿ? ನಾಳಿಂದ ಎಲ್ಲಾರ ಜೋಡಿ ನಾಲ್ಕಕ್ಕ ಮನಿಗಿ ಹೋಗು."

ಹುಡುಗಿ ಸೀಮೆಸುಣ್ಣ ಇಟ್ಟು ಹತ್ತಿರ ಬಂದಳು. "ಬ್ಯಾಡ್ರಿ ಟೀಚರ್. ನಾಲ್ಕಕ್ಕ ಅವ ಗೇಟಿನ್ಯಾಗ ನಿಂತಿರ್ತಾನ್ರಿ. ತಡಾ ಆದ್ರ ಹೊಕ್ಕಾನ್ರಿ."

"ಯಾರು?"

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಬಂದು ನಿಂತ. ಇಸ್ತ್ರಿಯ ಬಿಳಿ ಅಂಗಿ, ಬೆರಳಲ್ಲಿ ತಿರುಗುವ ಬೈಕಿನ ಚಾವಿ, ತುಟಿಯ ಮೇಲೆ ನಗು.

"ನಮಸ್ಕಾರ್ರಿ ಮೇಡಮ್. ನಾ ಪೂನಮಳ ಅಪ್ಪ. ಕಾಗಲಕ್ಕ ನಮ್ಮ ಮನಿಗಿ ಕರಕೊಂಡ ಹೋಗಾಕ ಬಂದೇನಿ."

ಪೂನಮ ಟೀಚರ ಸೆರಗು ಹಿಡಿದು ಹಿಂದೆ ಸರಿದಳು. ಶಾಲೆಯಿದ್ದ ಕೊಗನೊಳ್ಳಿಯಿಂದ ಕಾಗಲ ದೂರವೇನಲ್ಲ, ಹೆದ್ದಾರಿ ಹತ್ತಿದರೆ ರಾಜ್ಯದ ಗಡಿ ದಾಟಿದ್ದೂ ತಿಳಿಯುವುದಿಲ್ಲ. ಪಾಲಕರ ಸಭೆಗೆ ಬರುತ್ತಿದ್ದವಳು ತಾಯಿ ಕುಸುಮ ಮಾತ್ರ, ನಿಪ್ಪಾಣಿಯಲ್ಲಿ ತಂಬಾಕು ತುಂಬಿಡುವ ವಖಾರಿನಲ್ಲಿ ದುಡಿಯುವವಳು. ಅಪ್ಪನೆಂದು ಯಾರೂ ಎಂದೂ ಈ ಹೊಸ್ತಿಲು ತುಳಿದಿರಲಿಲ್ಲ.

"ನಿಮ್ಮ ಮಗಳು ಎಷ್ಟನೇ ಕ್ಲಾಸಿನ್ಯಾಗ ಅದಾಳ್ರಿ?" ಮೇಘಾ ಕೇಳಿದಳು.

ಚಾವಿ ತಿರುಗುವುದು ನಿಂತಿತು. "ನಾಕನೇತ್ತಾ... ಅಲ್ಲೇನ್ರಿ?"

"ಅವರ ಅವ್ವ ಬರೂತನಕ ನಾ ಕಳಸೂದಿಲ್ರಿ. ಫೋನ್ ಹಚ್ಚತೇನಿ. ಕುಂದರ್ರಿ."

"ನನ್ನ ಮಗಳ್ರಿ ಆಕಿ!"

"ಇರಬಹುದ್ರಿ. ಕುಂದರ್ರಿ."

ಅವನು ಕೂರಲಿಲ್ಲ. ಗದ್ದಲ ಕೇಳಿ ಹೆಡ್‌ಮಾಸ್ತರರು ಹೊರಗೆ ಬಂದದ್ದು ಕಂಡದ್ದೇ, ಮೆಟ್ಟಿಲಿಳಿದು ಬೈಕು ಚಾಲೂ ಮಾಡಿದ. ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ ಅದರ ಸದ್ದು ಕರಗುವವರೆಗೂ ಮೇಘಾ ಬಾಗಿಲಲ್ಲೇ ನಿಂತಿದ್ದಳು. ಅವನು ನಿಜಕ್ಕೂ ಹೋದನೋ, ಮುಂದಿನ ತಿರುವಿನಲ್ಲಿ ಕಾಯುತ್ತಿದ್ದಾನೋ ಹೇಳಲಾಗದು.

ಫೋನಿನಲ್ಲಿ ಎಲ್ಲ ಕೇಳಿದ ಕುಸುಮ ರಿಕ್ಷಾದಿಂದ ಇಳಿದು ಓಡಿಬಂದಳು. ಸೀರೆಯ ತುಂಬ ತಂಬಾಕಿನ ಧೂಳು. ಮಗಳ ಮೈ ಸವರಿ, ಅಲ್ಲೇ ಗೋಡೆಗೆ ಒರಗಿದಳು.

"ಮಗಳು ನನ್ನ ಕಡೇನ ಇರಬೇಕಂತ ಕೋರ್ಟಿನ್ಯಾಗ ಆಗೇತ್ರಿ ಟೀಚರ್. ಆದ್ರೂ ಎತ್ತಿಗೊಂಡ ಹೊಕ್ಕೇನಿ ಅಂತಾನ್ರಿ." ಮಗಳ ಕಡೆ ತಿರುಗಿದಳು. "ದಿನಾ ಬರತಿದ್ದನೇನ? ನನಗ್ಯಾಕ ಹೇಳ್ಲಿಲ್ಲ ನೀ?"

"ಹೇಳಿದ್ರ ನೀ ಕೆಲಸಾ ಬಿಡ್ತಿದ್ದಿ."

ತಾಯಿಗೆ ಸಮಾಧಾನವಾಗಲೆಂದು ಮೇಘಾ ಮೆಲ್ಲಗೆ ಹೇಳಿದಳು, "ನಿಮ್ಮ ಮಗಳಿಗೆ ಲೆಕ್ಕಾ ಭಾಳ ಛಲೋ ಬರತೈತ್ರಿ."

ಪೂನಮ ಗಾಬರಿಯಿಂದ ತಲೆಯಾಡಿಸಿದಳು.

"ಇಲ್ರಿ ಟೀಚರ್. ನಾಳೆನೂ ನನಗ ಬರೂದಿಲ್ರಿ."