ಮೊದಲ ತುತ್ತು

ಕೊನೆಯದಾದ ನಲವತ್ತನೆಯ ಬಟ್ಟಲಿಗೆ ಸಾರು ಬಡಿಸಿ ಸೌಟನ್ನು ಪಾತ್ರೆಗೆ ಇಳಿಸುತ್ತಿದ್ದಂತೆ ಆರ್ವೆಲಾಳ ಕೈ ನಿಂತುಹೋಯಿತು. ಬಡಿಸುವ ಕಿಟಕಿಯಾಚೆ ಟ್ರೇ ಹಿಡಿದು ನಿಂತ ಮಗುವನ್ನು ಅವಳು ನೋಡಲಿಲ್ಲ. ಉಪ್ಪಿನ ಡಬ್ಬಿಯ ಮೇಲಿನ ಹಲಗೆಯನ್ನು ನೋಡಿದಳು. ಅಂಚು ಒಡೆದ ನೀಲಿ ತಟ್ಟೆ ಅಲ್ಲಿ ಬರಿದಾಗಿ ಕೂತಿತ್ತು.

“ಅತ್ತಿಗೆ, ನೀಲಿ ತಟ್ಟೆ ಹೋಗಿಲ್ಲ.”

ಶಾಲೆಯ ಊಟದ ಹೊಣೆ ಹೊತ್ತಿದ್ದ ಜರ್ಮೇನಳೂ ತಿರುಗಿ ಹಲಗೆಯನ್ನು ನೋಡಿದಳು. ಹತ್ತೊಂಬತ್ತು ವರ್ಷ ಈ ಅಡುಗೆಮನೆಯ ಒಲೆ ಹಚ್ಚಿದವಳು ಡೆಲ್ಫೀನ್. ದಿನವೂ ಬಡಿಸುವ ಮುಂಚೆ ಅವಳು ಮಾಡಿದ ಅಡುಗೆಯಲ್ಲೆಲ್ಲ ಒಂದೊಂದು ಚಮಚ ಆ ತಟ್ಟೆಗೆ ತೆಗೆಯುತ್ತಿದ್ದಳು. ಆರ್ವೆಲಾ ಮಕ್ಕಳಿಗೆ ಬಡಿಸತೊಡಗುತ್ತಿದ್ದಂತೆ ಡೆಲ್ಫೀನ್ ಅದನ್ನು ಹಿಡಿದು ಊಟದ ಕೋಣೆಯನ್ನು ಹಾದು, ಹಿಂದಣ ಮರದ ಬುಡದಲ್ಲಿ ತೀರಿಹೋದವರಿಗೆಂದು ಇಟ್ಟು ಬರುತ್ತಿದ್ದಳು. ಅದು ಅವರ ಲಕೋಟಾ ಬುಡಕಟ್ಟಿನ ಹಿರಿಯರು ನಡೆಸಿಕೊಂಡು ಬಂದದ್ದು. ತಪಾಸಣೆಗೆ ಬಂದವರು ಕೇಳಿದರೆ “ರುಚಿ ನೋಡಲು ತೆಗೆದದ್ದು” ಎಂದು ಜರ್ಮೇನ್ ಕಣ್ಣು ಮಿಟುಕಿಸದೆ ಹೇಳಿಬಿಡುತ್ತಿದ್ದಳು. ಕಳೆದ ಶನಿವಾರ ಡೆಲ್ಫೀನಳನ್ನೇ ಮಣ್ಣಿಗೆ ಒಪ್ಪಿಸಿ ಬಂದಿದ್ದರು. ಆಮೇಲೆ ಶಾಲೆ ತೆರೆದದ್ದು ಇಂದೇ. ಈ ಹೊತ್ತಿನ ತಟ್ಟೆ ಅವಳಿಗೇ ಸಲ್ಲಬೇಕಾದ ಮೊದಲನೆಯ ತಟ್ಟೆ.

ಬೆಳಗ್ಗೆ ಬಸ್ಸು ಹಿಮದಲ್ಲಿ ಸಿಕ್ಕಿಕೊಂಡು ಮಕ್ಕಳು ತಿಂಡಿಯೂ ಇಲ್ಲದೆ ಹನ್ನೊಂದಕ್ಕೆ ಬಂದಿದ್ದವು. ಅವುಗಳ ಮುಖ ನೋಡಲಾರದೆ “ಕಿಟಕಿ ತೆಗಿ, ಬಡಿಸು” ಎಂದು ಅವಸರ ಮಾಡಿದವಳು ಜರ್ಮೇನಳೇ.

“ಈಗ ಇಟ್ಟು ಬಾ,” ಎಂದಳು ಮೆಲ್ಲಗೆ.

“ನಲವತ್ತು ಮಕ್ಕಳು ಉಂಡ ಪಾತ್ರೆಯಿಂದಲಾ? ಮಿಕ್ಕಿದ್ದನ್ನ ಇಡಲಾ ಅವಳಿಗೆ?” ಆರ್ವೆಲಾ ಸೌಟು ಕೆಳಗಿಟ್ಟಳು. ಏಪ್ರನ್ ಬಿಚ್ಚಿ ನಾಲ್ಕು ಮಡಿಕೆ ಮಾಡಿ, ಮಗುಚಿದ ಹಾಲಿನ ಕ್ರೇಟಿನ ಮೇಲೆ ಕುಳಿತಳು. “ಬೇರೆ ಯಾರನ್ನಾದ್ರೂ ನೋಡ್ಕೋ. ಇಷ್ಟು ವರ್ಷ ಅವಳ ಮಗ್ಗುಲಲ್ಲಿ ನಿಂತು ನಾನು ಕಲಿತದ್ದು ಇದೇನಾ?”

“ನಾನೊಬ್ಬಳೇ ಇದ್ರೆ ಮೇಲಿನವರು ಒಲೆ ಹಚ್ಚೋಕೆ ಬಿಡಲ್ಲ ಕಣೆ. ನಾಳೆಯಿಂದ ಪಟ್ಟಣದಿಂದ ತಣ್ಣನೆ ಊಟದ ಪೊಟ್ಟಣ ಬರುತ್ತೆ. ನಿನ್ನ ಮೊಮ್ಮಕ್ಕಳೂ ಅದನ್ನೇ ತಿನ್ನಬೇಕು.”

“ತಿನ್ನಲಿ. ಅದನ್ನ ಕಟ್ಟಿದೋರು ನಮ್ಮ ಹಾಗೆ ಸತ್ತವರನ್ನ ಮರೆತಿರಲ್ಲ.”

“ನಿಮ್ಮ ವಂಶದ ಮೊಂಡುತನ. ನಿಮ್ಮಣ್ಣನ್ನ ಕಟ್ಕೊಂಡಾಗಲೇ ನಂಗೆ ಬುದ್ಧಿ ಇರಬೇಕಿತ್ತು.”

ಯಾವಾಗಲೂ ಒಂದಕ್ಕೆ ಎರಡು ಹೇಳುವ ನಾದಿನಿ ಈ ಸಲ ಮೊಳೆಯಿಂದ ತನ್ನ ಕೋಟನ್ನು ಎಳೆದು ಮಡಿಲಲ್ಲಿಟ್ಟುಕೊಂಡಳು. ಆಗ ಜರ್ಮೇನಳಿಗೆ ನಿಜವಾಗಿ ಹೆದರಿಕೆಯಾಯಿತು.

ಕಿಟಕಿಯ ಕಟ್ಟೆಯ ಮೇಲೆ ಬ್ರೆಡ್ಡೂ ಪೀಚ್ ಹಣ್ಣಿನ ಹೋಳುಗಳೂ ಇದ್ದ ಟ್ರೇಯಲ್ಲಿ ಒಂದು ಬಟ್ಟಲು ಬಂದು ಕೂತಿತು. ಅದರ ಹಿಂದೆ ಒಂದು ಹಣೆ, ಎರಡು ಕಣ್ಣು. ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಬಡಿಸಿಕೊಂಡು ಹೋಗಿದ್ದ ಪುಟಾಣಿ ತರಗತಿಯ ವಿನೋನಾ.

“ಇನ್ನೂ ಬೇಕೇನೇ ಪುಟ್ಟಿ?” ಎಂದು ಜರ್ಮೇನ್ ಕೇಳಿದಳು.

“ಉಹೂಂ. ತಟ್ಟೆ ಯಾವಾಗ ಹೋಗುತ್ತೆ?”

“ಯಾವ ತಟ್ಟೆ?”

“ನೀಲೀದು. ಅದು ಆಚೆ ಹೋದ್ಮೇಲೆ ತಾನೆ ನಾವು ತಿನ್ನೋದು.” ಇಷ್ಟೂ ತಿಳಿಯದ ದೊಡ್ಡವರನ್ನು ಕಂಡು ಮಗುವಿಗೆ ಅಚ್ಚರಿಯಾದಂತಿತ್ತು.

“ಹಾಗಂತ ಯಾರು ಹೇಳಿದ್ರು?”

“ಯಾರೂ ಇಲ್ಲ. ಎಲ್ರೂ ಹಾಗೇ ಮಾಡ್ತಾರೆ. ರಸೆಲ್ ಮಾತ್ರ ಒಂದು ಚೂರು ಬ್ರೆಡ್ ಬಾಯಿಗೆ ಹಾಕ್ಕೊಂಡ. ನಾವು ನೋಡಿದ್ವಿ. ಉಗಿದುಬಿಟ್ಟ.”

ಊಟದ ಕೋಣೆಯಲ್ಲಿ ಒಂದೂ ಚಮಚದ ಸದ್ದಿಲ್ಲವೆಂಬುದು ಜರ್ಮೇನಳಿಗೆ ಹೊಳೆದದ್ದು ಆಗಲೇ. ಅವಳು ಬಗ್ಗಿ ನೋಡಿದಳು. ಮುಂಜಾನೆಯಿಂದ ಹಸಿದ ಮಕ್ಕಳು ಉದ್ದನೆಯ ಮೇಜುಗಳ ಎರಡೂ ಬದಿಗೆ ಕುಳಿತಿದ್ದವು. ಅವುಗಳ ಮುಂದೆ ಕಾಡೆಮ್ಮೆ ಮಾಂಸದ ಸಾರು. ಬಿಸಿ ಹಾರಿಹೋಗದಂತೆ ಒಂದೊಂದು ಮಗುವೂ ಎರಡು ಅಂಗೈಗಳನ್ನು ಬಟ್ಟಲಿನ ಬಾಯಿಗೆ ಮುಚ್ಚಿಟ್ಟಿತ್ತು. ಹತ್ತೊಂಬತ್ತು ವರ್ಷ, ವರ್ಷಕ್ಕೊಂದು ಹೊಸ ಗುಂಪು. ಯಾವ ಪುಸ್ತಕದಲ್ಲೂ ಇಲ್ಲದ ಈ ಪಾಠ ಒಂದು ಕೈಯಿಂದ ಇನ್ನೊಂದು ಕೈಗೆ ಸಾಗಿ ಬಂದಿತ್ತು. ಬಡಿಸುವ ಗಡಿಬಿಡಿಯಲ್ಲಿ ತಲೆ ತಗ್ಗಿಸಿ ದುಡಿದ ಇವರಿಬ್ಬರ ಕಣ್ಣಿಗೆ ಅದು ಒಂದು ದಿನವೂ ಬಿದ್ದಿರಲಿಲ್ಲ. ಜರ್ಮೇನ್ ಗೋಡೆಗೆ ಕೈಯೂರಿ ನಿಂತಳು. ಚರ್ಚಿನಲ್ಲಾಗಲಿ, ಹಿರಿಯರ ಪ್ರಾರ್ಥನೆಯಲ್ಲಾಗಲಿ ಇಂಥ ನೇಮವನ್ನು ಅವಳು ಕಂಡಿರಲಿಲ್ಲ.

ಆರ್ವೆಲಾ ಎದ್ದು ಅವಳ ಹಿಂದೆ ಬಂದಿದ್ದಳು. ಅವಳೂ ನೋಡಿದಳು.

“ನಂದೇ ಮೊದಲ್ನೇ ಬಟ್ಟಲು,” ಎಂದು ವಿನೋನಾ ಅದನ್ನು ಮುಂದಕ್ಕೆ ತಳ್ಳಿದಳು. “ಇದರಿಂದ ತಗೋ.”

ಆರ್ವೆಲಾ ಏಪ್ರನ್ ಕಟ್ಟಿಕೊಂಡಳು. ಆ ಬಟ್ಟಲಿನಿಂದ ಒಂದು ಚಮಚ ಸಾರು, ಅದರ ಟ್ರೇಯಿಂದ ಒಂದು ಚೂರು ಬ್ರೆಡ್, ಒಂದು ಹೋಳು ಪೀಚ್ ನೀಲಿ ತಟ್ಟೆಗೆ ತೆಗೆದು, ಎರಡೂ ಕೈಯಲ್ಲಿ ಹಿಡಿದು ಮೇಜುಗಳ ನಡುವೆ ನಡೆದಳು. ಮಕ್ಕಳ ತಲೆಗಳು ಅವಳ ಜೊತೆಗೇ ತಿರುಗಿದವು, ಕೈಗಳು ಕದಲಲಿಲ್ಲ. ವಿನೋನಾಳೂ ತನ್ನ ಬಟ್ಟಲಿನ ಬಾಯಿಗೆ ಮತ್ತೆ ಅಂಗೈಗಳನ್ನು ಮುಚ್ಚಿದಳು.

ಹಿಂಬಾಗಿಲು ತೆರೆಯಿತು, ಮುಚ್ಚಿತು. ಆಗ ಎಂಬತ್ತು ಪುಟ್ಟ ಅಂಗೈಗಳು ಮೇಲೆದ್ದವು. ಕೋಣೆಯ ತುಂಬ, ಒಂದೇ ಉಸಿರಿನಂತೆ, ಬಿಳಿಯ ಹಬೆ ಎದ್ದಿತು.